ಅಪ್‌ಡೇಟ್: ಇಂಟರ್ನ್‌ಶಿಪ್ ಅಂತೂ ಮುಗಿಯಿತು

ನೆನಪಿದೆಯಾ? ಸೇಫ್ಟಿ ಡಿಗ್ರಿಯ ಇಂಟರ್ನ್‌ಶಿಪ್‌ಗೆ ಫ್ಯಾಕ್ಟರಿ ಸೇರಿದರೆ ಬರೀ ಫೈಲು ಜೋಡಿಸಲು ಕೂರಿಸಿದ್ದಾರೆ, ಬಿಟ್ಟುಬಿಡಲಾ ಅಂತ ಕೇಳಿದ್ದೆ. ಬಿಡಬೇಡ, ನೀನೇ ಹೋಗಿ ಒಂದು ಕೆಲಸ ಕೇಳು ಅಂದಿರಿ. ಕೇಳಿದೆ. 'ಸರಿ, ಶಬ್ದ ಅಳೆ' ಅಂತ ಮೀಟರ್ ಕೈಗಿಟ್ಟರು. ಸುಮ್ನೆ ಸಾಗಹಾಕಲು ಕೊಟ್ಟಿದ್ದು ಅನಿಸುತ್ತೆ.

ಪ್ರೆಸ್ ಮೆಷಿನ್ ಪಕ್ಕ 91 ಡೆಸಿಬೆಲ್ ಬಂತು. 8 ಗಂಟೆಗೆ 85 ಮಿತಿ ಅಂತ ಇಟ್ಟುಕೊಂಡು, ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ ಮಾಡುತ್ತಾ ಹೋದರೆ ಅಲ್ಲಿ ನಿಲ್ಲಬಹುದಾದದ್ದು 2 ಗಂಟೆ ಮಾತ್ರ. ಅಲ್ಲಿನ ಕೆಲಸಗಾರರು ಇಡೀ ಶಿಫ್ಟ್ ನಿಲ್ಲುತ್ತಿದ್ದರು! ಇಯರ್‌ಪ್ಲಗ್ ಇತ್ತು, ಆದರೆ ಅರ್ಧ ಹೊರಗೇ ನೇತಾಡುತ್ತಿತ್ತು. ಫೋಮನ್ನು ಬೆರಳಲ್ಲಿ ಸಣ್ಣಗೆ ಹೊಸೆದು, ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ತೂರಿಸಿ, ಅದು ಉಬ್ಬುವ ತನಕ ಹಿಡಿದಿರಬೇಕು. ಯಾರೂ ತೋರಿಸಿಯೇ ಇರಲಿಲ್ಲ. (ನನಗೂ ಮೊದಲ ಸಲ ಸರಿಯಾಗಿ ಕೂರಲಿಲ್ಲ ಬಿಡಿ.)

ಆದರೆ ಪ್ಲಗ್ ಕೊನೆಯ ದಾರಿ ಅಲ್ವಾ, ಮೊದಲು ಶಬ್ದ ಹುಟ್ಟುವ ಕಡೆಯೇ ನೋಡಬೇಕು. ಅಲ್ಲಿನ ಹಳೆಯ ಫಿಟ್ಟರ್ ಒಬ್ಬರು ಮೆಷಿನ್ನಿನ ಗಾರ್ಡ್ (ರಕ್ಷಣೆಯ ಕವಚ) ಮೇಲೆ ಕೈ ಇಟ್ಟು, 'ಜಾಸ್ತಿ ಕಿರುಚೋದು ಇದೇ' ಅಂದರು. ನಿಜ, ಬೋಲ್ಟ್ ಸಡಿಲ. ಬಿಗಿ ಮಾಡಿ, ಕೆಳಗೆ ರಬ್ಬರ್ ಕೊಟ್ಟ ಮೇಲೆ 87ಕ್ಕೆ ಇಳಿಯಿತು. ಇನ್ನೂ ಮಿತಿಗಿಂತ ಮೇಲೆಯೇ, ಹಾಗಾಗಿ ಆಳುಗಳನ್ನು ಸರದಿ ಪ್ರಕಾರ ಬದಲಾಯಿಸಿ ನಿಲ್ಲಿಸಿ ಅಂತ ರಿಪೋರ್ಟಿನಲ್ಲಿ ಬರೆದಿದ್ದೇನೆ.

ಇಂಟರ್ನ್‌ಶಿಪ್ ಗಂಟೆಗಳ ಲೆಕ್ಕಕ್ಕೆ ಸಹಿ ಸಿಕ್ಕಿತು. ವೈವಾ ಮುಂದಿನ ವಾರ.