ಎಫ್ ಕೀ ಅಂಟಿ ಮಲ್ಲಪ್ಪ ‘ಮಲಲಪಪ’ ಆಗ್ಯಾನ, ಏನ್ ಮಾಡ್ಲಿ?

ಪ್ರಶ್ನೆ (ಟೈಪಿಂಗ್ ಅಂಗಡಿಯವ, ಕಲಬುರಗಿ):

ನಮಸ್ಕಾರ್ರಿ ಸರ್. ಕೋರ್ಟ್ ಕಡೆ ನಂದೊಂದು ಸಣ್ಣ ಟೈಪಿಂಗ್ ಅಂಗಡಿ ಅದ. ಅರ್ಜಿ, ಅಫಿಡವಿಟ್, ಬಾಡಿಗಿ ಕರಾರು ಎಲ್ಲಾ ಲ್ಯಾಪ್‌ಟಾಪಿನ್ಯಾಗ ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ್ಯಾಗೇ ಹೊಡೀತೀನಿ. ಸೋಮವಾರ ಗಿರಾಕಿಯೊಬ್ರು ಮಾತಾಡ್ತಾ ಮಾತಾಡ್ತಾ ಚಾ ಕಪ್ ಉರುಳಿಸಿಬಿಟ್ರು. ಎಡಗಡೆ ನಾಕೈದು ಕೀ ಮ್ಯಾಲ ಬಿತ್ತು. ಕೂಡ್ಲೇ ಬಂದ್ ಮಾಡಿ, ಬೋರಲ ಹಾಕಿ, ಅರಿಬಿಲೆ ಒರೆಸಿದೆ. ಮರುದಿನ ಚಾಲೂ ಆಯ್ತು, ಆದ್ರ ಎಫ್ ಕೀ ಒತ್ತಿದ್ರ ಕೆಳಗೇ ಕೂಡ್ತದ, ಮ್ಯಾಲ ಏಳಲ್ಲ. ‘ನುಡಿ’ಯಾಗ ಎಫ್ ಅಂದ್ರ ಒತ್ತಕ್ಷರದ ಕೀ ಅಲ್ರಿ? ನಮ್ಮ ಕಡೆ ಒತ್ತಿಲ್ಲದ ಹೆಸರು ಎಷ್ಟು ಅವ? ಮಲ್ಲಪ್ಪ ಹೋಗಿ ಮಲಲಪಪ ಆಗ್ಯಾನ, ಶರಣಮ್ಮ ಶರಣಮಮ ಆಗ್ಯಾಳ. ಹೈರಾಣ ಆಗೀನಿ. ಕೀ ಕಿತ್ತು ಸ್ಯಾನಿಟೈಜರ್ ಹಾಕು ಅಂತ ಬಾಜು ಅಂಗಡಿಯವ್ರು ಹೇಳ್ತಾರ. ಹಾಕ್ಲೇನ್ರಿ?

ಉತ್ತರ (ಲ್ಯಾಪ್‌ಟಾಪ್ ರಿಪೇರಿಯವರು):

ಹಾಕಬ್ಯಾಡ್ರಿ. ಜೆಲ್ ಸ್ಯಾನಿಟೈಜರಿನ್ಯಾಗ ಅದನ್ನ ಗಟ್ಟಿ ಮಾಡೋ ಅಂಟು ಇರ್ತದ, ಎಷ್ಟೋ ಬಾಟ್ಲಿದಾಗ ಗ್ಲಿಸರಿನ್ನೂ ಇರ್ತದ. ಒಂದು ಅಂಟು ತೆಗೀಲಕ್ಕ ಹೋಗಿ ಇನ್ನೊಂದು ಬಳದಂಗ ಆಗ್ತದ. ಬೋರಲ ಹಾಕಿದ್ದು ಮಾತ್ರ ಶಾಣ್ಯಾತನದ ಕೆಲಸ, ಅದಕ್ಕೇ ಯಂತ್ರ ಉಳದದ.

ನಿಮ್ಮ ಕೀ ಅಂಟಿದ್ದು ಸಕ್ಕರಿಗೆ. ಸಕ್ಕರಿ ನೀರಿನ್ಯಾಗ ಕರಗ್ತದ, ಸ್ಪಿರಿಟಿನ್ಯಾಗ ಕರಗಲ್ಲ. ಇದೊಂದು ತಿಳೀದೇ ಜನ 99 ಪರ್ಸೆಂಟ್ ಐಸೊಪ್ರೊಪೈಲ್ ಸ್ಪಿರಿಟ್ ಬಾಟ್ಲಿ ಖಾಲಿ ಮಾಡಿ, ‘ಎಷ್ಟ್ ತಿಕ್ಕಿದ್ರೂ ಹೋಗವಲ್ದು’ ಅಂತ ನನ್ನ ಹತ್ರ ಬರ್ತಾರ. ಮೊದಲು ನೀರು, ಆಮ್ಯಾಲ ಸ್ಪಿರಿಟ್. ನೀರು ಅಂದ್ರ ಬೋರಿನ ನೀರಲ್ಲ, ಅದು ಒಣಗಿದ ಮ್ಯಾಲ ಬಿಳಿ ಉಪ್ಪು ಬಿಡ್ತದ. ಇನ್ವರ್ಟರ್ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ತಗೋರಿ. ಕೇಳುವಾಗ ‘ನೀರು’ ಅಂತ ಬಿಡಿಸಿ ಕೇಳ್ರಿ, ಬ್ಯಾಟರಿ ಅಂಗಡ್ಯಾಗ ಆಸಿಡ್ ಕ್ಯಾನೂ ಬಾಜೂಕೇ ಇರ್ತದ.

ಚಾರ್ಜರ್ ಕಿತ್ತು, ಪೂರ್ತಿ ಶಟ್‌ಡೌನ್ ಮಾಡ್ರಿ. ಬರೇ ಮುಚ್ಚಿದ್ರ ಅದು ಮಲಗ್ತದ ಅಷ್ಟೇ. ಬ್ಯಾಟರಿ ಹೊರಗಿಂದ ಬಿಚ್ಚೋದಿದ್ರ ಬಿಚ್ಚಿಡ್ರಿ. ಈಗ ಎಫ್ ಕೀಯ ಒಂದು ಮೂಲ್ಯಾಗ ಉಗುರು ತೂರಿಸಿ ಮೆಲ್ಲಗ ಎತ್ತಿದ್ರ ‘ಟಕ್’ ಅಂತ ಬಿಡ್ತದ. ಒಂದೊಂದು ಮಾಡೆಲ್ ಮ್ಯಾಲಿಂದ ಬಿಡ್ತದ, ಒಂದೊಂದು ಕೆಳಗಿಂದ. ಬಿಡಲಿಲ್ಲ ಅಂದ್ರ ಜೋರ್ ಮಾಡಬ್ಯಾಡ್ರಿ, ಇನ್ನೊಂದು ಬದಿ ನೋಡ್ರಿ. ಸ್ಕ್ರೂಡ್ರೈವರ್ ಕೈಗೆ ತಗೊಂಡ್ರೋ, ಕೆಳಗಿನ ಕೊಂಡಿ ಮುರೀತು ಅಂತ ತಿಳೀರಿ.

ಕೆಳಗ ಕತ್ತರಿ ಹಂಗ ಒಂದರೊಳಗೊಂದು ಸೇರಿದ ಎರಡು ತೆಳು ಪ್ಲಾಸ್ಟಿಕ್ ಚೌಕಟ್ಟು ಕಾಣ್ತಾವ, ನಡುವ ಸಣ್ಣ ರಬ್ಬರ್ ಟೊಪಗಿ. ಮೊಬೈಲ್‌ನ್ಯಾಗ ಒಂದು ಫೋಟೋ ಹೊಡಕೋರಿ, ಕೂಡಿಸುವಾಗ ಯಾವ ಕಡೆ ಯಾವುದು ಅಂತ ನೆನಪಿರಲ್ಲ. ಬೆರಳು ಒತ್ತಿದ ಮ್ಯಾಲ ಕೀನ ವಾಪಸ್ ಎಬ್ಬಿಸೋದು ಆ ಟೊಪಗಿನೇ. ಚಾ ಒಣಗಿ ಕತ್ತರಿ ಕೀಲಿನ್ಯಾಗ ಪಾಕ ಹಿಡದಂಗ ಹಿಡದಿರ್ತದ, ಪಾಪ ಟೊಪಗಿ ದೂಡಿದ್ರೂ ಕೀ ಏಳಲ್ಲ. ಚೌಕಟ್ಟು ಸಲೀಸಾಗಿ ಬಿಟ್ರ ತೆಗೀರಿ, ಕೀ ಜೋಡಿ ಉಗುರುಬೆಚ್ಚಗಿನ ಸೋಪಿನ ನೀರಿನ್ಯಾಗ ಹಾಕ್ರಿ. ಟೊಪಗಿ ಮಾತ್ರ ಕೀಳಬ್ಯಾಡ್ರಿ, ಕೆಳಗಿನ ಹಾಳಿಗೆ ಅಂಟಿರ್ತದ.

ಇಯರ್‌ಬಡ್ ಡಿಸ್ಟಿಲ್ಡ್ ನೀರಿನ್ಯಾಗ ಅದ್ದಿ, ಹಿಂಡಿ, ಟೊಪಗಿ ಸುತ್ತ ಒರೆಸ್ರಿ. ಹನಿ ಬೀಳಬಾರದು. ಬಡ್ ಕಂದು ಬಣ್ಣ ಬಿಡೋದು ನಿಲ್ಲೋ ತನಕ ಹೊಸ ಹೊಸದು ತಗೋರಿ. ಆಮ್ಯಾಲ ಒಂದು ಬಡ್ ಐಸೊಪ್ರೊಪೈಲಿನ್ಯಾಗ ಅದ್ದಿ ಒರೆಸ್ರಿ, ಉಳಿದ ಪಸಿ ಆರ್ತದ. ಪೆಟ್ರೋಲು, ಥಿನ್ನರ್ ತರಬ್ಯಾಡ್ರಿ, ಪ್ಲಾಸ್ಟಿಕ್ ಹಾಳಾಗ್ತದ. ರಾತ್ರಿಯೆಲ್ಲಾ ಫ್ಯಾನ್ ಕೆಳಗ ಬಿಡ್ರಿ. ನಮ್ಮ ಬಿಸಿಲು ಹಪ್ಪಳಕ್ಕ ಛಲೋ, ಲ್ಯಾಪ್‌ಟಾಪಿಗಲ್ಲ.

ಮುಂಜಾನೆ ಕೀ ಕೂಡಿಸೋಕಿಂತ ಮೊದಲು ಚಾಲೂ ಮಾಡಿ, ಪೆನ್ಸಿಲ್ ಹಿಂದಿನ ರಬ್ಬರಿಲೆ ಟೊಪಗಿ ಒತ್ತಿ ನೋಡ್ರಿ. ಪ್ರತಿ ಸಲ ಅಕ್ಷರ ಬಂತಂದ್ರ ಗೆದ್ದ್ರಿ. ಬರಲಿಲ್ಲ, ಇಲ್ಲಾ ಎಫ್ ಒತ್ತಿದ್ರ ಜೋಡಿಗೆ ಡಿ ಸುದ್ದಾ ಬಂತು ಅಂದ್ರ, ಚಾ ಒಳಗಿನ ಹಾಳಿಗಳ ನಡುವ ಇಳದದ. ಗೆರಿ ಮೂಡಿಸಿದ ತೆಳು ಪ್ಲಾಸ್ಟಿಕ್ ಹಾಳಿಗಳು ಅವು, ಒಂದರ ಮ್ಯಾಲೊಂದು ಇರ್ತಾವ. ಮ್ಯಾಲಿಂದ ಎಷ್ಟ್ ಒರೆಸಿದ್ರೂ ಅಲ್ಲಿಗೆ ಕೈ ಮುಟ್ಟಲ್ಲ, ಕೀಬೋರ್ಡೇ ಬದಲಿಸ್ಬೇಕು. ಅಲ್ಲೀ ತನಕ ಒಂದು ಯುಎಸ್‌ಬಿ ಕೀಬೋರ್ಡ್ ಹಚ್ಚಿ ದಂಧೆ ನಡೆಸ್ರಿ.

ಆಳಂದದವರೊಬ್ರು: ಇಷ್ಟೆಲ್ಲಾ ಯಾಕ್ರಿ? ಒಂದು ಹನಿ ಹೊಲಿಗಿ ಮಷಿನ್ ಎಣ್ಣಿ ಬಿಟ್ರ ಮುಗೀತು.

ಉತ್ತರ: ಯಣ್ಣಾ, ಎರಡು ದಿನ ಖರೇನೇ ಛಲೋ ನಡೀತದ. ಒಂದು ದಾಲ್ ಮಿಲ್ಲಿಂದ ಹಿಂಗೇ ಎಣ್ಣಿ ಬಿಟ್ಟ ಕೀಬೋರ್ಡ್ ಬಂದಿತ್ತು. ತೊಗರಿ ಧೂಳು, ಎಣ್ಣಿ ಎರಡೂ ಕೂಡಿ ಕೀ ಬುಡದಾಗ ಹಿಟ್ಟು ನಾದಿಟ್ಟಂಗ ಆಗಿತ್ತು. ಹಲ್ಲುಕಡ್ಡೀಲೆ ಕೆರೆದು ತೆಗೆದೆ, ಒಂದು ಮಧ್ಯಾಹ್ನ ಪೂರಾ ಅದಕ್ಕೇ ಹೋಯ್ತು.

ಸೇಡಂದಿಂದ ಒಬ್ಬ ವಿದ್ಯಾರ್ಥಿ: ಸರ್, ನಂದರ ಮ್ಯಾಲ ಏನೂ ಚೆಲ್ಲಿಲ್ಲ. ಆದ್ರೂ ಯಾವ ಕೀ ಒತ್ತಿದ್ರೂ ಬರಲ್ಲ, ಜರಾ ಒತ್ತಿ ಹಿಡದ್ರ ಬರ್ತದ.

ಉತ್ತರ: ಎಲ್ಲಾ ಕೀಗಳಿಗೂ ಒಮ್ಮೆಲೇ ಹಂಗಾದ್ರ ಅದು ಕೀ ತಪ್ಪಲ್ಲ ತಮ್ಮಾ. ವಿಂಡೋಸ್‌ದಾಗ ಬಲಗಡೆ ಶಿಫ್ಟ್ 8 ಸೆಕೆಂಡ್ ಒತ್ತಿ ಹಿಡದ್ರ ‘ಫಿಲ್ಟರ್ ಕೀಸ್’ ಚಾಲೂ ಆಗ್ತದ. ಓದ್ತಾ ಅಂಗೈ ಇಟ್ಟಿದ್ದಿ ಅಂತ ಕಾಣ್ತದ. ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಕೀಬೋರ್ಡ್‌ಗೆ ಹೋಗಿ ಬಂದ್ ಮಾಡು.

ಪ್ರಶ್ನೆ ಕೇಳಿದವರು (ಎರಡು ದಿನದ ಮ್ಯಾಲ): ಸರ್, ಎಫ್ ಬಂತ್ರಿ! ಆರು ಬಡ್ ಹೋದ್ವು, ಒಂದು ಸತ್ತ ಇರುವಿನೂ ಸಿಕ್ತು. ಮಲ್ಲಪ್ಪನ ಅರ್ಜಿ ಹೊಡೆದು ಕೊಟ್ಟೆ. ಈಗ ಎಡಗಡೆ ಶಿಫ್ಟ್ ಒಂದು ಬದಿ ಜಗ್ತದ, ‘ಸ್ಟಿಕಿ ಕೀಸ್’ ಅಂತ ಡಬ್ಬಿ ಬರ್ತದ. ಅದನ್ನೂ ಕೀಳ್ಲೇನು?

ಉತ್ತರ: ಆ ಡಬ್ಬಿಗೂ ಚಾಕ್ಕೂ ಸಂಬಂಧ ಇಲ್ಲ, ಶಿಫ್ಟ್ 5 ಸಲ ಒತ್ತಿದ್ರ ಬರ್ತದ, ‘ನೋ’ ಅನ್ರಿ. ಶಿಫ್ಟ್ ಮಾತ್ರ ಕೀಳಬ್ಯಾಡ್ರಿ. ಉದ್ದನೆಯ ಕೀಗಳ ಕೆಳಗ ಒಂದು ಸಣ್ಣ ತಂತಿ ಇರ್ತದ, ಎರಡೂ ಬದಿ ಸಮ ಏಳಲಿ ಅಂತ. ಮೊದಲ ಸಲ ಕೀಳೋರು ಅದನ್ನ ಸೊಟ್ಟ ಮಾಡದೇ ಬಿಡಲ್ಲ, ನಾನೂ ಕಲಿಯುವಾಗ ಮಾಡೀನಿ. ಸದ್ಯ ಬಲಗಡೆ ಶಿಫ್ಟ್ ಬಳಸ್ರಿ, ಬಿಡುವಾದಾಗ ತಗೊಂಡ್ ಬರ್ರಿ. ಚಾ ನಾ ಕುಡಿಸ್ತೀನಿ, ಆದ್ರ ಅಂಗಡಿ ಹೊರಗ.