ಪದಚರ್ಚೆ: ಬಿಂದುವಿನ ‘ಮುಂದೆ’ ಎಂದರೆ ಎಡಕ್ಕೋ, ಬಲಕ್ಕೋ?

ಬಳಗದ ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಕೂತು ಅಡಿಕೆ ಮಂಡಿಗಳಿಗೆ ಲೆಕ್ಕದ ತಂತ್ರಾಂಶ ಮಾಡುತ್ತಿದ್ದೇವೆ. ಭೀಮಸಮುದ್ರ, ಚನ್ನಗಿರಿ ಕಡೆಯ ಗುಮಾಸ್ತರು ಬ್ರೌಸರಿನಲ್ಲೇ ತೂಕ, ದರ, ಹಮಾಲಿ ಎಲ್ಲ ತುಂಬುತ್ತಾರೆ. ಪರದೆ ಮೇಲಿನದೆಲ್ಲ ಕನ್ನಡದಲ್ಲೇ ಇರಬೇಕು ಅನ್ನುವುದು ಮೊದಲ ದಿನದಿಂದಲೂ ಕರಾರು. ಅಂಕಿ ಹೆಚ್ಚುಕಮ್ಮಿ ಆದಾಗ ಕಾಣಿಸುವ ಮೂರು ಸೂಚನೆಗಳ ಕನ್ನಡ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ಹಿನ್ನೆಲೆ ಹೇಳಿಬಿಡುತ್ತೇನೆ. ನಾವು ಬಳಸುವುದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜಾಂಗೋ, ಅಂದರೆ ವೆಬ್ ತಂತ್ರಾಂಶ ಕಟ್ಟುವ ಚೌಕಟ್ಟು. ದುಡ್ಡು, ತೂಕದಂಥವನ್ನು ಇಡಲು ಅದರಲ್ಲಿ ಡೆಸಿಮಲ್‌ಫೀಲ್ಡ್ ಎಂಬ ಬಗೆ ಇದೆ. ಒಟ್ಟು ಎಷ್ಟು ಅಂಕಿ, ಅದರಲ್ಲಿ ದಶಮಾಂಶ ಬಿಂದು ಆದಮೇಲೆ ಎಷ್ಟು ಅಂಕಿ, ಇವೆರಡನ್ನೂ ಮೊದಲೇ ಹೇಳಬೇಕು. 8 ಮತ್ತು 2 ಎಂದು ಕೊಟ್ಟರೆ 9,99,999.99 ರೂಪಾಯಿವರೆಗೆ ಹಿಡಿಯುತ್ತದೆ. ಕ್ವಿಂಟಾಲಿಗೆ 50,000 ದರದಲ್ಲಿ 20 ಕ್ವಿಂಟಾಲ್ ರಾಶಿ ಅಡಿಕೆ ಹೋಯಿತೆನ್ನಿ, ಹತ್ತು ಲಕ್ಷ; ಒಳಗೆ ಹೋಗುವುದಿಲ್ಲ. ಇಲ್ಲೊಂದು ಸ್ವಾರಸ್ಯ. ಗುಮಾಸ್ತ 1000000.00 ಎಂದು ಪೈಸೆ ಸಮೇತ ಹೊಡೆದರೆ ‘ಒಟ್ಟು ಅಂಕಿ 8 ಮೀರಬಾರದು’ ಎಂಬ ಸೂಚನೆ. ಪೈಸೆ ಬಿಟ್ಟು 1000000 ಎಂದಷ್ಟೇ ಹೊಡೆದರೆ ಅಂಕಿ ಏಳೇ, ಎಂಟರ ಒಳಗೇ ಇದೆ. ಆಗ ‘ಬಿಂದುವಿಗಿಂತ ಮೊದಲಿನ ಅಂಕಿ 6 ಮೀರಬಾರದು’ ಎಂಬ ಇನ್ನೊಂದು ಸೂಚನೆ. (ಮೂರನೆಯದು ಬಿಂದು ಆದಮೇಲಿನ ಅಂಕಿ ಹೆಚ್ಚಾದಾಗ ಬರುವುದು.) ಮೊತ್ತ ಒಂದೇ, ಬೈಗುಳ ಎರಡು ಥರ. ಹಾಗಾಗಿ ಎರಡೂ ವಾಕ್ಯ ಓದಿದ ಕೂಡಲೇ ತಿಳಿಯುವಂತಿರಬೇಕು.

ಮೊದಲ ತಕರಾರು ‘ಮುಂದೆ’ ಪದದ್ದು. ‘ಬಿಂದುವಿನ ಮುಂದೆ 6 ಅಂಕಿಗಿಂತ ಹೆಚ್ಚಿರಬಾರದು’ ಎಂದು ನಮ್ಮಲ್ಲೊಬ್ಬರು ಬರೆದರು. ಓದಿದ ಗುಮಾಸ್ತ ನೋಡಿದ್ದು ಪೈಸೆ ಕಡೆಗೆ. ಅಲ್ಲಿ ಅವನು ಒಂದು ಅಂಕಿಯನ್ನೂ ಹೊಡೆದಿಲ್ಲ. ಅವನ ಲೆಕ್ಕದಲ್ಲಿ ತಪ್ಪಿಲ್ಲ. ಎಡದಿಂದ ಓದುತ್ತ ಹೋದವನಿಗೆ ಬಿಂದು ದಾಟಿದ ಮೇಲೆ ಸಿಗುವುದೇ ಮುಂದಿನದು, ‘ಮುಂದಿನ ಸ್ಟಾಪು’ ಅನ್ನುತ್ತೇವಲ್ಲ ಹಾಗೆ. ಬರೆದವರ ಮನಸ್ಸಿನಲ್ಲಿದ್ದದ್ದು ‘ಮನೆ ಮುಂದೆ’ ಅನ್ನುವಾಗಿನ ಮುಂದೆ. ‘ಹಿಂದೆ’ ಎಂದು ತಿದ್ದಿದರೂ ಅದೇ ಗೋಳು: ಹೆಸರಿನ ಮುಂದೆ ಡಾ. ಸೇರಿತು ಅನ್ನುವವರೂ ಇದ್ದಾರೆ, ಹೆಸರಿನ ಹಿಂದೆ ಡಾ. ಸೇರಿತು ಅನ್ನುವವರೂ ಇದ್ದಾರೆ, ಇಬ್ಬರೂ ಹೇಳುವುದು ಒಂದೇ ಜಾಗ. ‘ಮೊದಲು’ ಪರವಾಗಿಲ್ಲ, ಆದರೆ ‘ಮೊದಲಿನ 6 ಅಂಕಿ’ ಎಂದು ಬರೆದರೆ ಶುರುವಿನ ಆರು ಅಂಕಿ ಎಂದೂ ಆಗುತ್ತದೆ. ನನ್ನ ಮತ ‘ಬಿಂದುವಿನ ಎಡಕ್ಕೆ’, ‘ಬಿಂದುವಿನ ಬಲಕ್ಕೆ’. ಪುಸ್ತಕದ ಕನ್ನಡದಂತೆ ಕಾಣದಿದ್ದರೂ ಎರಡರ್ಥಕ್ಕೆ ಎಡೆಯಿಲ್ಲ. ‘ರೂಪಾಯಿ ಕಡೆ, ಪೈಸೆ ಕಡೆ’ ಇನ್ನೂ ಚೆನ್ನ, ಆದರೆ ಅದೇ ಸೂಚನೆ ತೂಕದ ಕಾಲಮ್ಮಿಗೂ ಬರುತ್ತದಲ್ಲ.

ಎರಡನೆಯದು ಡಿಜಿಟ್. ‘8 ಸಂಖ್ಯೆಗಳಿಗಿಂತ ಹೆಚ್ಚು ಬೇಡ’ ಎಂದರೆ ಎಂಟು ಸಾಲು ತುಂಬಬಹುದು ಎಂದು ತಿಳಿದುಕೊಳ್ಳುತ್ತಾರೆ. ‘ಅಂಕ’ ಅಂದರೆ ಪರೀಕ್ಷೆ ನೆನಪಾಗುತ್ತದೆ. ಮೊಬೈಲ್ ನಂಬರಿಗೆ ಹತ್ತು ಅಂಕಿ ಅನ್ನುವುದು ಎಲ್ಲರ ಬಾಯಲ್ಲಿದೆ, ‘ಅಂಕಿ’ ಸಾಕು. ಇದರಲ್ಲಿ ಚರ್ಚೆಗೇನೂ ಉಳಿದಿಲ್ಲ ಅಂದುಕೊಂಡಿದ್ದೇನೆ.

‘ದಶಮಾಂಶ ಸ್ಥಾನ’ ಶಾಲೆಯ ಪುಸ್ತಕದ್ದು, ಅರ್ಥವೂ ಸರಿ. ಕೆಲಸಕ್ಕೆ ಬರುವುದಿಲ್ಲ ಅನ್ನುವುದಷ್ಟೇ ದೂರು. ಚೀಲದ ತೂಕ ‘ಐವತ್ತೆರಡು ಕೆಜಿ ಐವತ್ತು ಗ್ರಾಂ’ ಎಂದು ತೂಗುವವನು ಕೂಗುತ್ತಾನೆ. ಬರೆಯುವವನ ಕೈ 52.50 ಎಂದು ಹೊಡೆಯುತ್ತದೆ, ಬೇಕಾದದ್ದು 52.050. ತಂತ್ರಾಂಶದ ಕಣ್ಣಿಗೆ ಎರಡೂ ಸರಿ, ತುಟಿಪಿಟಕ್ ಅನ್ನುವುದಿಲ್ಲ. ಕೆಜಿಗೆ 500 ದರದಲ್ಲಿ ಒಂದೇ ಚೀಲಕ್ಕೆ 225 ರೂಪಾಯಿ ವ್ಯತ್ಯಾಸ. ಕಾಲಮ್ಮಿನ ತಲೆಗೆ ‘ದಶಮಾಂಶ ಸ್ಥಾನ 3’ ಎಂದು ಬರೆದರೆ ಯಾರೂ ಓದುವುದಿಲ್ಲ. ‘ಗ್ರಾಂ ಮೂರೂ ಅಂಕಿ ಬರೆಯಿರಿ’ ಎಂದರೆ ಓದುತ್ತಾರೆ.

ಫ್ಲೋಟಿಂಗ್ ಪಾಯಿಂಟಿಗೆ (ಬಿಂದುವಿರುವ ಸಂಖ್ಯೆಯನ್ನು ಕಂಪ್ಯೂಟರು ಇಟ್ಟುಕೊಳ್ಳುವ ಮಾಮೂಲಿ ಬಗೆ, ಚಿಕ್ಕದಾಗಿ ಫ್ಲೋಟ್) ‘ತೇಲುಬಿಂದು’ ಅನ್ನುವ ಪದ ನೋಡಿದ್ದೇನೆ. ಮಂಡಿಯಲ್ಲಿ ಇದನ್ನು ಹೇಳಿದರೆ ನಗುತ್ತಾರೆ, ತೇಲಿಸಿ ಮಾತಾಡುವವರನ್ನು ಅವರು ದಿನವೂ ನೋಡುತ್ತಾರೆ. ಅಲ್ಲಿ ನಗುವಿಗೆ ಕಾರಣವೂ ಇದೆ ಅನ್ನಿ: ಫ್ಲೋಟ್ ಲೆಕ್ಕದಲ್ಲಿ 0.1ಕ್ಕೆ 0.2 ಕೂಡಿದರೆ ಪೈಥಾನ್ ಕೊಡುವ ಉತ್ತರ 0.30000000000000004. ಕಂಪ್ಯೂಟರು ಭಾಗ ಮಾಡುವುದು ಅರ್ಧ, ಅರ್ಧದ ಅರ್ಧ, ಅದರ ಅರ್ಧ ಹೀಗೆ. ಹತ್ತನೇ ಒಂದು ಭಾಗ ಆ ದಾರಿಯಲ್ಲಿ ಸಿಗುವುದೇ ಇಲ್ಲ. ನಮ್ಮ ಹಳೇ ಮಗ್ಗಿಯ ಕಾಲು, ಅರೆಕಾಲು, ವೀಸ ಎಲ್ಲವೂ ಇದೇ ದಾರಿಯವು. ವೀಸ ಹದಿನಾರನೇ ಒಂದು ಭಾಗ, 0.0625, ಫ್ಲೋಟಿನಲ್ಲೂ ಕೂದಲೆಳೆ ತಪ್ಪದೆ ಕೂರುತ್ತದೆ. ರೂಪಾಯಿಗೆ ಹದಿನಾರು ಆಣೆ ಇದ್ದ ಕಾಲಕ್ಕೆ ಮಂಡಿಗೆ ಕಂಪ್ಯೂಟರು ಬಂದಿದ್ದರೆ ಆಣೆ ಲೆಕ್ಕಕ್ಕೆ ಡೆಸಿಮಲ್‌ಫೀಲ್ಡೇ ಬೇಕಿರಲಿಲ್ಲ! 1957ರ ಏಪ್ರಿಲ್ 1ಕ್ಕೆ ನೂರು ನಯಾಪೈಸೆ ಬಂತು; ನೂರರಲ್ಲಿ 25, 50, 75 ಪೈಸೆ ಬಿಟ್ಟರೆ ಮಿಕ್ಕ ಯಾವ ಬಿಡಿ ಪೈಸೆಯೂ ಫ್ಲೋಟಿನಲ್ಲಿ ತದ್ವತ್ ನಿಲ್ಲುವುದಿಲ್ಲ. ಆ ಪದವನ್ನು ಗುಮಾಸ್ತರಿಗೆ ತೋರಿಸುವ ಅಗತ್ಯವೇ ಇಲ್ಲವಾದ್ದರಿಂದ ಬಿಟ್ಟುಬಿಟ್ಟಿದ್ದೇನೆ. ಕೋಡಿನ ಟಿಪ್ಪಣಿಯಲ್ಲಿ ‘ಫ್ಲೋಟ್’ ಎಂದೇ ಬರೆಯುತ್ತೇವೆ.

ನಿಜಕ್ಕೂ ಸಿಕ್ಕಿಹಾಕಿಕೊಂಡಿರುವುದು ರೌಂಡ್ ಮಾಡುವುದಕ್ಕೆ. ‘ಪೂರ್ಣಾಂಕಗೊಳಿಸು’ ಎಂದು ಬರೆದಿದ್ದನ್ನು ಕಂಡಿದ್ದೇನೆ, ಆದರೆ 225.456 ಅನ್ನು 225.46 ಮಾಡಿದರೆ ಅದೆಲ್ಲಿಯ ಪೂರ್ಣಾಂಕ? ‘ಅಂದಾಜಿಸು’ ಎಂದರೆ ವ್ಯಾಪಾರಸ್ಥರು ಗಾಬರಿಯಾಗುತ್ತಾರೆ. ದುಡ್ಡಿನ ಪಟ್ಟಿಯಲ್ಲಿ ಅಂದಾಜು ಅನ್ನುವ ಮಾತು ಇರಕೂಡದು. ಇದರಲ್ಲಿ ಎರಡು ಪದ್ಧತಿ ಬೇರೆ. ಮಂಡಿಯಲ್ಲಿ ಐವತ್ತು ಪೈಸೆ ಮುಟ್ಟಿದರೆ ಮೇಲಿನ ರೂಪಾಯಿ. ಪೈಥಾನಿನ ಡೆಸಿಮಲ್ (ಡೆಸಿಮಲ್‌ಫೀಲ್ಡಿನ ಒಳಗಿರುವ ಸಂಖ್ಯೆಯ ಬಗೆ) ತಾನಾಗಿ ಹಾಗೆ ಮಾಡುವುದಿಲ್ಲ, ಸರಿಯಾಗಿ ಅರ್ಧಕ್ಕೆ ನಿಂತಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ: 2.5 ಇದ್ದದ್ದು 2 ಆಗುತ್ತದೆ, 3.5 ಇದ್ದದ್ದು 4. ಮಂಡಿ ಪದ್ಧತಿ ಬೇಕೆಂದು ನಾವೇ ಬಾಯಿಬಿಟ್ಟು ಹೇಳಬೇಕು. ಸೆಟ್ಟಿಂಗ್ಸ್ ಪುಟದಲ್ಲಿ ಎರಡನ್ನೂ ಆಯ್ಕೆಯಾಗಿ ಇಡುತ್ತಿದ್ದೇವೆ. ಸದ್ಯಕ್ಕೆ ‘ಅರ್ಧ ಬಂದರೆ ಮೇಲಕ್ಕೆ’, ‘ಅರ್ಧ ಬಂದರೆ ಸಮಸಂಖ್ಯೆಗೆ’ ಎಂದು ಹಾಕಿದೆ. ಆ ಎರಡಕ್ಕೂ ಮೇಲೊಂದು ತಲೆಬರಹ ಬೇಕು, ಅಲ್ಲಿ ‘ರೌಂಡ್ ಆಫ್’ ಎಂದು ಕೂತಿದೆ.

ಕೈಬರಹದ ಖಾತೆ ಪುಸ್ತಕಗಳ ಕಾಲದಲ್ಲಿ ಇದಕ್ಕೆ ಏನೆನ್ನುತ್ತಿದ್ದರು? ಹಾಗೆ ಬಿಟ್ಟ ಅಥವಾ ಸೇರಿಸಿದ ಪೈಸೆಗೆ ಪಟ್ಟಿಯ ಕೊನೆಯಲ್ಲಿ ಒಂದು ಸಾಲು ಇರುತ್ತದಲ್ಲ, ಅದಕ್ಕೂ ಹೆಸರು ಬೇಕು. ‘ಚಿಲ್ಲರೆ’ ಎಂದು ಹಾಕಿದರೆ ಕೊಡಬೇಕಾದ ಚಿಲ್ಲರೆ ಎಂದುಕೊಳ್ಳುತ್ತಾರೆ. ಹತ್ತಿ, ಶೇಂಗಾ, ಅಡಿಕೆ ಯಾವ ವ್ಯಾಪಾರದ ಮಾತಾದರೂ ಸರಿ. ತಿಳಿದವರು ಪದದ ಜೊತೆ ಅದನ್ನು ಬಳಸುವ ಒಂದು ವಾಕ್ಯ, ಯಾವ ಸೀಮೆಯ ಬಳಕೆ ಎಂಬುದನ್ನೂ ಬರೆದರೆ ಉಪಕಾರ.