ಯುದ್ಧಕಾಲದ ಇಂಗ್ಲಿಷ್ ಪ್ಯಾಟರ್ನ್: 10ನೇ ನಂಬರ್ ಕಡ್ಡಿ ಹಾಕಿದರೂ ಅಳತೆ ಬರ್ತಿಲ್ಲ

ಉಲ್ಲನ್ ಉಂಡೆ:
1940ರ ದಶಕದ ಬ್ರಿಟನ್ ಹೆಣಿಗೆ ಪತ್ರಿಕೆಯೊಂದರ ಸ್ಕ್ಯಾನ್ ಸಿಕ್ಕಿತ್ತು. ಅದರಲ್ಲಿದ್ದ ಹೆಂಗಸರ ಜಂಪರ್ (ಸ್ವೆಟರ್) ಶುರು ಮಾಡಿದೆ. 4 ಪ್ಲೈ ಅನ್ನೋ ತೆಳು ದಾರ, 10ನೇ ನಂಬರ್ ಕಡ್ಡಿ, ಇಂಚಿಗೆ 7 ಸ್ಟಿಚ್ ಅಂತಿದೆ. ಆನ್‌ಲೈನ್‌ನಲ್ಲಿ 10ನೇ ನಂಬರ್ ತರಿಸಿ, ಬೆನ್ನಿಗೆ 112 ಸ್ಟಿಚ್ ಹಾಕಿದೆ. 16 ಇಂಚು ಬರಬೇಕಾದ್ದು 25 ಇಂಚು ಬಂದಿದೆ! ಸೊಳ್ಳೆ ಪರದೆ ಥರ ಜಾಳು ಜಾಳು. ಇನ್ನೊಂದು ಡೌಟು: ಜಂಪರ್‌ನ ಪೂರ್ತಿ ಉದ್ದ 19 ಇಂಚು ಅಂತಿದೆ. ಪ್ರಿಂಟ್ ತಪ್ಪಾ?

ಎರಡು ಸಾಲು:
ದಾರ ಬದಲಾಯಿಸಿ ನೋಡಿ. ಇನ್ನೂ ದಪ್ಪದ್ದು ತಗೊಳ್ಳಿ.

ಮಡಿಕೇರಿ ಚಳಿ:
ಅಯ್ಯೋ, ಸುಮ್ನೆ ದಾರಕ್ಕೆ ದುಡ್ಡು ಹಾಕ್ಬೇಡಿ. ಕಡ್ಡಿಯ ತಲೆ ಮೇಲೆ ಎಷ್ಟು ಎಂಎಂ ಅಂತ ಇದೆ?

ಉಲ್ಲನ್ ಉಂಡೆ:
6 ಎಂಎಂ.

ಮಡಿಕೇರಿ ಚಳಿ:
ಸಿಕ್ತು ನೋಡಿ. ಅದು ಅಮೆರಿಕದ 10. ಬ್ರಿಟನ್‌ನ ಹಳೇ ಲೆಕ್ಕ ಉಲ್ಟಾ, ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ಅವರ 8 ಅಂದರೆ 4 ಎಂಎಂ, 10 ಅಂದರೆ 3.25. ತಮಾಷೆ ಏನಂದ್ರೆ, ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗೂ ಅದೇ ಹಳೇ ಬ್ರಿಟಿಷ್ ನಂಬರ್. ಮನೇಲಿ ಅಮ್ಮನದೋ ಅಜ್ಜಿಯದೋ ಅಲ್ಯೂಮಿನಿಯಂ ಕಡ್ಡಿ ಇದ್ರೆ ಹುಡುಕಿ.

19 ಇಂಚು ಸರಿಯಾಗೇ ಇದೆ. ಆಗ ಸ್ಕರ್ಟ್ ಸೊಂಟದ ಮೇಲಕ್ಕೆ ಬರ್ತಿತ್ತು, ಜಂಪರ್ ಅಲ್ಲಿಗೇ ಮುಗೀತಿತ್ತು. ಜೊತೆಗೆ 1941ರ ಜೂನ್ 1ರಿಂದ ಅಲ್ಲಿ ಬಟ್ಟೆಗೆ ರೇಷನ್. ಮೊದಲ ವರ್ಷ ತಲೆಗೆ 66 ಕೂಪನ್. 2 ಔನ್ಸ್ ಹೆಣಿಗೆ ದಾರಕ್ಕೆ ಒಂದು ಕೂಪನ್ ಹೋಗ್ತಿತ್ತು. ಉದ್ದ ಹೆಣೆಯೋಕೆ ಯಾರಿಗೆ ಧೈರ್ಯ! ನಿಮಗೆ ಜಾಸ್ತಿ ಉದ್ದ ಬೇಕಿದ್ರೆ ಕಂಕುಳಿನ ಹತ್ರ ಸ್ಟಿಚ್ ಕಡಿಮೆ ಮಾಡೋಕೆ ಶುರುವಾಗೋ ಮೊದಲೇ ಸೇರಿಸಿ. ಆಮೇಲೆ ಸೇರಿಸಿದರೆ ತೋಳು ಕೂರಲ್ಲ.

ಕ್ರೋಶಾ ಪದ್ಮ:
ನಡುವೆ ಬಾಯಿ ಹಾಕ್ತಿದ್ದೇನೆ, ಬೇಜಾರಾಗಬೇಡಿ. ಅದೇ ಕಾಲದ ಬ್ರಿಟಿಷ್ ಪ್ಯಾಟರ್ನ್ ನೋಡಿ ಕ್ರೋಶಾ (ಕೊಕ್ಕೆ ಕಡ್ಡಿಯ ಹೆಣಿಗೆ) ಕಾಲರ್ ಮಾಡ್ತಿದ್ದೇನೆ. ಅದರಲ್ಲಿ ಹೇಳಿದ ‘ಡಬಲ್ ಕ್ರೋಶಾ’ ಸ್ಟಿಚ್ ವಿಡಿಯೋ ನೋಡ್ಕೊಂಡು ಹಾಕಿದರೆ ಕಾಲರ್ ಎತ್ತರ ಆಗಿ ಕಿವಿಗೆ ತಾಗ್ತಿದೆ!

ಮಡಿಕೇರಿ ಚಳಿ:
ಅದೇ ರೋಗ ಅಕ್ಕ. ವಿಡಿಯೋ ಅಮೆರಿಕದ್ದು ಇರಬೇಕು. ಬ್ರಿಟಿಷ್ ಡಬಲ್ ಅಂದರೆ ಅಮೆರಿಕದ ಸಿಂಗಲ್. ಬ್ರಿಟಿಷ್ ಟ್ರೆಬಲ್ ಅಂದರೆ ಅಮೆರಿಕದ ಡಬಲ್. ಪ್ಯಾಟರ್ನ್‌ನಲ್ಲಿ ‘ಸಿಂಗಲ್ ಕ್ರೋಶಾ’ ಅಂತ ಇದ್ದರೆ ಸಾಮಾನ್ಯವಾಗಿ ಅದು ಅಮೆರಿಕದ್ದು. ಸ್ಟಿಚ್ ಬಿಡೋದಕ್ಕೆ ‘ಸ್ಕಿಪ್’ ಬದಲು ‘ಮಿಸ್’ ಅಂತಿದ್ದರೆ ಬ್ರಿಟನ್‌ದು.

ಉಲ್ಲನ್ ಉಂಡೆ:
ಅಜ್ಜಿಯ ಕಡ್ಡಿ ಟ್ರಂಕಿನಲ್ಲಿ ಸಿಕ್ತು, ತಲೆ ಮೇಲೆ 10! ಸ್ಯಾಂಪಲ್ ತುಂಡು ಹೆಣೆದೆ, 4 ಇಂಚಿಗೆ ಸರಿಯಾಗಿ 28 ಸ್ಟಿಚ್. ಹಳೇದನ್ನು ಬಿಚ್ಚಿದ್ದೇನೆ, ಆದ್ರೆ ದಾರ ನೂಡಲ್ಸ್ ಥರ ಸುರುಳಿ ಸುರುಳಿ.

ಮಡಿಕೇರಿ ಚಳಿ:
ಹಾಗೇ ಹೆಣೆದರೆ ಸ್ಟಿಚ್ ಅಂಕುಡೊಂಕು ಆಗುತ್ತೆ. ಕುರ್ಚಿ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ. ಹಿಂಡಬೇಡಿ. ನೀರು ಒತ್ತಿ ತೆಗೆದು ನೆರಳಲ್ಲಿ ನೇತು ಹಾಕಿ. ಆಗಿನ ಹೆಂಗಸರೂ ಹಳೇ ಸ್ವೆಟರ್ ಬಿಚ್ಚಿ, ದಾರ ತೊಳೆದು, ಹೊಸದು ಹೆಣೀತಿದ್ರು. ಪೂರ್ತಿ ಒಣಗಿದ ಮೇಲೇ ಉಂಡೆ ಸುತ್ತಿ.